ಹೇಳಬಾರದ ಕೆಲಸ

ಇಂದಿರಾನಗರದಲ್ಲಿ ನಮ್ಮ ನೆರೆಯ ಹಿರಿಯರೊಬ್ಬರು ಹೋದ ವರ್ಷ ತೀರಿಕೊಂಡರು. ಮೂವತ್ತು ವರ್ಷ ಸಿ. ವಿ. ರಾಮನ್ ನಗರದ ಕಡೆಗೆ ಕೆಲಸಕ್ಕೆ ಹೋಗಿಬರುತ್ತಿದ್ದವರು. ವೈಕುಂಠ ಸಮಾರಾಧನೆಯ ದಿನ ಬಂಧುಗಳೊಬ್ಬರು, "ನಿಮ್ಮ ಯಜಮಾನರದು ಏನು ಕೆಲಸವಮ್ಮ?" ಎಂದು ಕೇಳಲಾಗಿ, ಆ ತಾಯಿಯು, "ಸರ್ಕಾರದ ಕೆಲಸ. ಹೆಚ್ಚಿಗೆ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ" ಎಂದರು. ಊಟಕ್ಕೆ ಬಂದಿದ್ದ ಅವರ ಜೊತೆಯ ನೌಕರರನ್ನು ನಾವು ವಿಚಾರಿಸಿದೆವು. ಪ್ರತಿಯೊಬ್ಬರಿಗೂ ತಮ್ಮ ಕೋಣೆಯ ಸಂಗತಿ ತಿಳಿದಿದ್ದಿತು. ಪಕ್ಕದ ಕೋಣೆಯದು ತಿಳಿಯದು.

ಆ ಬಡಾವಣೆಯಲ್ಲಿ ರಡಾರುಗಳನ್ನು ರೂಪಿಸುವ ಎಲ್‌ಆರ್‌ಡಿಇ, ವಿಮಾನದ ಇಂಜಿನುಗಳ ಜಿಟಿಆರ್‌ಇ ಮೊದಲಾದ ರಕ್ಷಣಾ ಸಂಶೋಧನಾಲಯಗಳಿರುವುದನ್ನು ವಾಚಕರು ಬಲ್ಲರು. ಅವುಗಳ ಹೆಸರು ಗುಟ್ಟಲ್ಲ. ಗುಟ್ಟು ಒಳಗಿನ ಕಾಗದಗಳಲ್ಲಿರುವುದು. ಸರ್ಕಾರವು ಅಂಥ ಕಾಗದಗಳನ್ನು ಟಾಪ್ ಸೀಕ್ರೆಟ್, ಸೀಕ್ರೆಟ್, ಕಾನ್ಫಿಡೆನ್ಶಿಯಲ್, ರೆಸ್ಟ್ರಿಕ್ಟೆಡ್ ಎಂದು ನಾಲ್ಕು ದರ್ಜೆಗಳಾಗಿ ವಿಂಗಡಿಸುವುದು. ಇದು ಮೊದಲನೆಯ ಬೇಲಿ. ಎರಡನೆಯದು ಇನ್ನೂ ಬಿಗಿ: ಪದವಿ ಎಷ್ಟೇ ದೊಡ್ಡದಿರಲಿ, ತನ್ನ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ತಿಳಿಯತಕ್ಕದ್ದು. ನಮ್ಮ ಅಜ್ಜಿಯು ಉಗ್ರಾಣದ ಬೀಗದ ಕೈಗಳನ್ನು ಸೊಸೆಯಂದಿರಿಗೆ ಹಂಚಿಕೊಟ್ಟಿದ್ದುದೂ ಹೀಗೆಯೇ. ತುಪ್ಪದ ಗೂಡಿನದು ಒಬ್ಬಳಿಗೆ, ಬೆಳ್ಳಿಯ ಪೆಟ್ಟಿಗೆಯದು ಇನ್ನೊಬ್ಬಳಿಗೆ. ಅಜ್ಜಿಗೆ ಕಾಯಿದೆ ಬೇಕಿರಲಿಲ್ಲ. ಸರ್ಕಾರಕ್ಕೆ 1923ರ ಅಧಿಕೃತ ರಹಸ್ಯಗಳ ಕಾಯಿದೆಯಿದೆ. ಸೈನ್ಯದ ಗುಟ್ಟನ್ನು ಶತ್ರುವಿಗಾಗಿ ಕದ್ದವನಿಗೆ 14 ವರ್ಷಗಳವರೆಗೂ ಸೆರೆಯಾಗಬಹುದು.

ಯುದ್ಧಕಾಲದಲ್ಲಿ ಅಮೆರಿಕೆಯ ಓಕ್ ರಿಡ್ಜಿನಲ್ಲಿ ಯುರೇನಿಯಂ ಬೇರ್ಪಡಿಸುವ ಯಂತ್ರಗಳ ಮುಂದೆ ಕುಳಿತು ಗುಂಡಿ ತಿರುಗಿಸುತ್ತಿದ್ದ ಹೆಣ್ಣುಮಕ್ಕಳಿಗೆ, ತಾವು ಮಾಡುತ್ತಿದ್ದುದೇನೆಂದು ತಿಳಿದುದು 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಾಂಬು ಬಿದ್ದ ತರುವಾಯ. ಘೋರವಾದುದೇ ಆಗಲಿ, ಅವರಿಗೆ ಉತ್ತರವೊಂದು ದೊರೆಯಿತು.

ಗುಟ್ಟೇ ಬೇಡವೆಂದು ನಾವು ಹೇಳುವವರಲ್ಲ. ರಡಾರಿನ ನಕ್ಷೆಯನ್ನು ಬೀದಿಯಲ್ಲಿ ಹರಡುವುದುಂಟೆ? ನಮ್ಮ ಆಕ್ಷೇಪಣೆಯೆಲ್ಲ ಮುಪ್ಪಾದ ಗುಟ್ಟುಗಳ ವಿಚಾರದಲ್ಲಿ. 1997ರ ಸಾರ್ವಜನಿಕ ದಾಖಲೆಗಳ ನಿಯಮಗಳಂತೆ, ಅಧಿಕಾರಿಯೊಬ್ಬನು 5 ವರ್ಷಗಳಿಗೊಮ್ಮೆ ಇಂಥ ಕಾಗದಗಳನ್ನು ನೋಡಿ ದರ್ಜೆಯನ್ನು ಇಳಿಸಬಹುದೇ ಎಂದು ಪರಿಶೀಲಿಸತಕ್ಕದ್ದು. ಆದರೆ ಮುದ್ರೆಯೊತ್ತಿದವನನ್ನು ಯಾರೂ ಬಯ್ಯುವುದಿಲ್ಲ. ಅಳಿಸಿದವನು ತಾನೇ ಜವಾಬು ಹೇಳಬೇಕಾಗುವುದು. ಮಾಹಿತಿ ಹಕ್ಕಿನ 2005ರ ಕಾಯಿದೆಯೂ, ಲಂಚದ ಮತ್ತು ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪಗಳನ್ನು ಬಿಟ್ಟರೆ, ಡಿಆರ್‌ಡಿಒ ಸಂಸ್ಥೆಯನ್ನು ಹೊರಗಿಟ್ಟಿದೆ.

ಅಂದು ಸಂಜೆ ನಂಟರೆಲ್ಲ ಹೊರಟ ಮೇಲೆ ಆ ತಾಯಿಯು ಬೀರುವಿನಿಂದ ಒಂದು ಬೆಳ್ಳಿಯ ತಟ್ಟೆಯನ್ನು ತಂದು ನಮ್ಮ ಕೈಗೆ ಕೊಟ್ಟರು. ನಿವೃತ್ತಿಯ ದಿನ ಬಂದ ಉಡುಗೊರೆ. "ದೀರ್ಘ ಸೇವೆಗಾಗಿ" ಎಂದು ಅಂಚಿನಲ್ಲಿ ಕೆತ್ತಿದ್ದಿತು.

"ಯಾವ ಸೇವೆಯೆಂದು ಹಿಂಭಾಗದಲ್ಲೇನಾದರೂ ಇದೆಯೇ, ಸ್ವಲ್ಪ ನೋಡಿ" ಎಂದರು.

ತಿರುಗಿಸಿ ನೋಡಿದೆವು. ಅಂಗಡಿಯವನ ಗುರುತು ಮಾತ್ರ ಇದ್ದಿತು.