ಮೂರೂ ಕಡೆ ಉರಿದ ಟೆಸ್ಟರ್

ಎಂಬತ್ತರ ದಶಕದಲ್ಲಿ ಸಿಂಧಘಟ್ಟದ ಕಡೆ ಪಂಪ್‌ಸೆಟ್ ಹಾಕಿಸಿದ್ದ ರೈತರ ಅಂಗಿ ಜೇಬಿನಲ್ಲಿ ಬೀಡಿ ಕಟ್ಟಿನ ಜೊತೆ ಟೆಸ್ಟರ್ ಇರುತ್ತಿತ್ತು. ಕೆ.ಆರ್.ಪೇಟೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತಿದ್ದ ಸಾಮಾನು. ತಿರುಪು ಬಿಗಿಮಾಡಲು ಅದೇ, ಫ್ಯೂಸ್ ಎಬ್ಬಲು ಅದೇ, ಕರೆಂಟು ನೋಡಲೂ ಅದೇ.

ಆಗ ಕರೆಂಟು ಕೊಡುತ್ತಿದ್ದುದು ಕೆಇಬಿ. ಬರುವ ಹೊತ್ತು ಗೊತ್ತಿರಲಿಲ್ಲ. ಬಂದರೂ ಮೂರು ಫೇಸ್ ಇರುತ್ತದೆಂಬ ಭರವಸೆ ಇರಲಿಲ್ಲ. ದೊಡ್ಡಪ್ಪ ರಾತ್ರಿ ಬ್ಯಾಟರಿ ಹಿಡಿದು ತೋಟಕ್ಕೆ ಹೋಗಿ, ಸ್ಟಾರ್ಟರ್ ಡಬ್ಬಿ ತೆಗೆದು, ಮೂರು ತಿರುಪಿಗೂ ಟೆಸ್ಟರ್ ಮುಟ್ಟಿಸುತ್ತಿದ್ದರು. ಮೂರೂ ಕಡೆ ಕೆಂಪಗೆ ಉರಿಯುತ್ತಿತ್ತು. ಆದರೂ ಕೆಲವೊಮ್ಮೆ ಬಟನ್ ಒತ್ತಿದರೆ ಮೋಟಾರ್ ಗುಂಯ್ ಎಂದು ಮುಲುಗುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. "ಮೂರೂ ಅದೆ ಕಣ್ಲಾ, ಮೋಟ್ರಿಗೇ ಏನೋ ಆಗದೆ" ಎಂದು ಮತ್ತೆ ಮತ್ತೆ ಒತ್ತುವಷ್ಟರಲ್ಲಿ ವೈಂಡಿಂಗ್ ಸುಟ್ಟ ವಾಸನೆ ಬರುತ್ತಿತ್ತು.

ಬಟನ್ ಒತ್ತುವ ಮುಂಚೆ ಮೋಟಾರಿಗೆ ಏನೂ ಆಗಿರಲಿಲ್ಲ, ಒಂದು ಫೇಸ್ ಹೋಗಿತ್ತು ಅಷ್ಟೆ. ಅದೇ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೇಲೆ ಪಕ್ಕದ ತೋಟದ ಮೋಟಾರ್ ಆನ್ ಇದ್ದರೆ, ಉಳಿದೆರಡು ಫೇಸಿನ ಕರೆಂಟು ಅದರ ವೈಂಡಿಂಗ್ ಹಾದು ಸತ್ತ ತಂತಿಗೂ ಬಂದು ಸೇರುತ್ತದೆ. ಟೆಸ್ಟರಿನೊಳಗಿನ ನಿಯಾನ್ ದೀಪ ಉರಿಯಲು ಅಷ್ಟು ಸಾಕು. 5 ಎಚ್‌ಪಿ ಮೋಟಾರ್ ತಿರುಗಲು ಸಾಲದು. ಬಲ್ಲ ರಿಪೇರಿಯವರು ಎರಡು ಬಲ್ಬುಗಳನ್ನು ಒಂದರ ಹಿಂದೊಂದು ಸೇರಿಸಿ ಎರಡೆರಡು ಫೇಸಿನ ನಡುವೆ ಹಿಡಿಯುತ್ತಿದ್ದರು. ಎರಡು ಫೇಸಿನ ನಡುವೆ 400 ವೋಲ್ಟ್ ಮೀರಿ ಇರುವುದರಿಂದ ಒಂದೇ ಬಲ್ಬು ತಡೆಯದು. ಆ ಬಲ್ಬುಗಳು ಮಂಕಾದರೆ ಫೇಸ್ ಇಲ್ಲವೆಂದು ಗೊತ್ತಾಗುತ್ತಿತ್ತು. ಪುಕ್ಕಟೆಯಾಗಿ ಕಟ್ಟಿಕೊಳ್ಳಬಹುದಾದ ಸಾಧನ, ಟೆಸ್ಟರಿಗಿಂತ ನಂಬಿಕಸ್ತ. ಆದರೆ ಜೋಡಣೆ ಬಿಚ್ಚಿಕೊಂಡರೆ, ಬಲ್ಬು ಒಡೆದರೆ, ಅದೂ ಕೈಗೇ ಬರುವಂಥದ್ದು.

ಟೆಸ್ಟರಿನ ಬಾಲದ ತಿರುಪು ಬಿಚ್ಚಿದರೆ ಮೊದಲು ಸ್ಪ್ರಿಂಗು, ಆಮೇಲೆ ಪುಟ್ಟ ನಿಯಾನ್ ದೀಪ, ಕೊನೆಗೆ ಕಡ್ಡಿಯಂಥ ರೆಸಿಸ್ಟರ್ ಉದುರುತ್ತವೆ. ಜೀವ ಕಾಯುವುದು ಆ ಕಡ್ಡಿ. ಹತ್ತು ಲಕ್ಷ ಓಮ್ ಆಸುಪಾಸಿನ ಅದರ ತಡೆಯಿಂದಾಗಿ ನಮ್ಮ ಮೈಯಲ್ಲಿ ಹರಿಯುವುದು ಮಿಲಿ ಆಂಪಿಯರಿನ ಕಾಲು ಭಾಗ. ಮೈಗೆ ಗೊತ್ತೂ ಆಗುವುದಿಲ್ಲ. ಹುಡುಗರು ಬಿಚ್ಚಿ ಆಟವಾಡಿ, ಕಡ್ಡಿ ಕಳೆದು, ಸ್ಪ್ರಿಂಗ್ ಎಳೆದು ಹಾಕಿ ಮುಚ್ಚಿಟ್ಟರೂ ದೀಪ ಉರಿಯುತ್ತದೆ. ಆ ಬೆಳಕು ನೋಡಿ ಒಳಗೆ ಕಡ್ಡಿ ಇದೆಯೋ ಇಲ್ಲವೋ ಹೇಳಲಾಗದು. ಮಳೆಯಲ್ಲಿ ನೆಂದ ಟೆಸ್ಟರೂ ಅಷ್ಟೇ ಕೇಡು.

ಉರಿಯದಿದ್ದಾಗ ಇನ್ನೂ ಭಯ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಆ ಕಿಡಿ ಕಾಣುವುದೇ ಇಲ್ಲ. ಒಣ ಮರದ ಏಣಿಯ ಮೇಲೋ ದಪ್ಪ ರಬ್ಬರ್ ಚಪ್ಪಲಿಯಲ್ಲೋ ನಿಂತರೆ ಮಂಕಾಗುತ್ತದೆ. ದೀಪವೇ ಕೆಟ್ಟಿರಬಹುದು. ಹೀಗೆ "ಕರೆಂಟಿಲ್ಲ" ಎಂದುಕೊಂಡು ತಂತಿಗೆ ಕೈ ಹಾಕುವುದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಕರೆಂಟು ಇರುವುದು ಗೊತ್ತಿರುವ ಕಡೆ ಮೊದಲೊಮ್ಮೆ, ಆಮೇಲೊಮ್ಮೆ ಮುಟ್ಟಿಸಿ ನೋಡಲು ಎಷ್ಟು ಹೊತ್ತು ಬೇಕು?

ಈಗ ಕೆಇಬಿ ಹೋಗಿ ಸೆಸ್ಕ್ ಬಂದಿದೆ, 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಒಳ್ಳೆಯ ಪ್ಯಾನಲ್ ಬೋರ್ಡಿನಲ್ಲಿ ಒಂದು ಫೇಸ್ ಹೋದರೆ ಮೋಟಾರನ್ನು ತಾನೇ ನಿಲ್ಲಿಸುವ ವ್ಯವಸ್ಥೆ ಇದೆ. ಟೆಸ್ಟರಿನ ಜಾಗಕ್ಕೆ ಇನ್ನೂರು ರೂಪಾಯಿ ಆಸುಪಾಸಿನ ಹಳದಿ ಡಿಜಿಟಲ್ ಮೀಟರ್ ಬಂದಿದೆ. ಅಂಕಿ ತೋರಿಸುವುದರಲ್ಲಿ ಅದು ಟೆಸ್ಟರಿಗಿಂತ ಎಷ್ಟೋ ಮೇಲು, ಎರಡು ಫೇಸಿನ ನಡುವಿನ ವೋಲ್ಟೇಜ್ ಕಣ್ಣಿಗೇ ಕಾಣುತ್ತದೆ. ಅಣ್ಣನ ಮಗ ಅದನ್ನು ಸ್ಟಾರ್ಟರಿಗೆ ಹಿಡಿಯಲು ಹೊರಟಾಗ ತಡೆದೆ. "ಚಿಕ್ಕಪ್ಪ, 750 ವೋಲ್ಟ್ ಅಂತ ಬರ್ದವ್ರಲ್ಲ" ಎಂದ. ಅದು ಅಳೆಯುವ ಮಿತಿ. ಲೈನಿನಲ್ಲಿ ದಿಢೀರನೆ ಏರುವ ವೋಲ್ಟೇಜನ್ನು ಮೀಟರ್ ತಡೆಯುತ್ತದೆಂದಲ್ಲ. ಇಂಥ ಎಷ್ಟೋ ಮೀಟರುಗಳಲ್ಲಿ 10 ಆಂಪಿಯರ್‌ವರೆಗೆ ಕರೆಂಟು ಅಳೆಯುವ ತೂತಿಗೆ ಫ್ಯೂಸೇ ಇರುವುದಿಲ್ಲ. ಕೆಂಪು ವೈರನ್ನು ಅಲ್ಲಿ ಮರೆತು ಎರಡು ಫೇಸಿಗೆ ಹಿಡಿದರೆ ಅದು ನೇರ ಶಾರ್ಟು, ಕಿಡಿ ಸಿಡಿಯುವುದು ಅಂಗೈಯೊಳಗೆ.

ಆ ಹಳದಿ ಮೀಟರನ್ನು ಬೈಕ್ ಬ್ಯಾಟರಿಗೂ, ಕರೆಂಟು ತಪ್ಪಿಸಿ ಬಿಚ್ಚಿಟ್ಟ ಮೋಟಾರಿನ ವೈಂಡಿಂಗ್ ನೋಡಲಿಕ್ಕೂ ಇಟ್ಟುಕೊಂಡಿದ್ದೇವೆ. ಸ್ಟಾರ್ಟರಿಗೆಂದು ಕರೆಂಟು ಅಳೆಯುವ ಎರಡೂ ತೂತಿಗೆ ಫ್ಯೂಸ್ ಇರುವ, ದಪ್ಪ ವೈರಿನ, ಹೆಸರುಳ್ಳ ಕಂಪನಿಯ ಮೀಟರ್ ತರಿಸಿದೆ. ಮೋಟಾರನ್ನು ಒಂದು ಸಲ ರೀವೈಂಡ್ ಮಾಡಿಸುವ ದುಡ್ಡಿಗಿಂತ ಕಡಿಮೆಗೇ ಬಂತು.