ಮಿಲಿಟರಿ ತಾತನೊಡನೆ ಒಂದು ದಿನ

ನವೆಂಬರ್ ತಿಂಗಳೆಂದರೆ ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳಿಗೆ ಜಾತ್ರೆಯ ಕಳೆ. ಕೆಂಗೇರಿಯಿಂದ ಮೊದಲುಗೊಂಡು ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದವರೆಗೆ ಬೀದಿಬೀದಿಗೂ ಹಳದಿ ಕೆಂಪು ಬಾವುಟ, ತಿರುವಿಗೊಂದು ಚಪ್ಪರ, ಚಪ್ಪರದೊಳಗೆ ತಾಯಿ ಭುವನೇಶ್ವರಿಯ ಪಟ. ವಾದ್ಯಗೋಷ್ಠಿ ಆರಂಭವಾಗುವ ಮುನ್ನ ಜನರ ತಾಳ್ಮೆಯನ್ನು ಪರೀಕ್ಷಿಸುವುದಕ್ಕೋ ಎಂಬಂತೆ ಒಬ್ಬ ಕನ್ನಡ ಅಧ್ಯಾಪಕನಿಂದ ಭಾಷಣ ಮಾಡಿಸುವುದು ವಾಡಿಕೆ. ಕೆಂಗೇರಿ ಉಪನಗರದ ನಮ್ಮ ಬೀದಿಯಲ್ಲಿ ಆ ಅಧ್ಯಾಪಕ ನಾನು.

ಆ ಸಂಜೆ ನಾನು ಹಲ್ಮಿಡಿಯ ಶಾಸನವನ್ನು ಕುರಿತು ಮಾತನಾಡಿದೆ. ಬೇಲೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿದ್ದ ಆ ಕಲ್ಲನ್ನು 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದುದು, ಅದರ ಕಾಲ ಸುಮಾರು ಕ್ರಿ.ಶ. 450 ಎಂದು ವಿದ್ವಾಂಸರು ಎಣಿಸಿರುವುದು, ನಮ್ಮ ನುಡಿಯ ಹಿರಿಮೆ ಎಲ್ಲವನ್ನೂ ವರ್ಣಿಸಿ ಕೆಳಗಿಳಿದೆ. ಜನ ಚಪ್ಪಾಳೆ ತಟ್ಟಿದರು. ಆದರೆ ಮುಂದಿನ ಸಾಲಿನಲ್ಲಿ ನೆಟ್ಟಗೆ ಕುಳಿತಿದ್ದ ವೃದ್ಧರೊಬ್ಬರು ನನ್ನನ್ನು ಕೈಸನ್ನೆಯಿಂದ ಕರೆದು, "ಮೇಷ್ಟ್ರೇ, ಕಲ್ಲು ಹಳೇದು ಅಂದ್ರಿ, ಸಂತೋಷ. ಅದರಲ್ಲಿ ಏನು ಬರೆದಿದೆ ಅಂತ ಹೇಳಲೇ ಇಲ್ಲವಲ್ಲ?" ಎಂದು ಕೇಳಿದರು.

ನನಗೆ ನಾಚಿಕೆಯಾಯಿತು. ಯುದ್ಧದಲ್ಲಿ ಕಾದಿದ ವಿಜ ಅರಸನೆಂಬ ವೀರನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಹಳ್ಳಿಗಳನ್ನು ದತ್ತಿಯಾಗಿ ಬಿಟ್ಟುದನ್ನು ಆ ಕಲ್ಲು ಹೇಳುತ್ತದೆ. ಆ ದತ್ತಿಯ ಹೆಸರು 'ಬಾಳ್ಗಳ್ಚು'. ಎಂದರೆ ಹೋರಾಡಿ ಬಂದವನ ಕತ್ತಿಯನ್ನು ತೊಳೆದು ಕೊಡುವ ಮನ್ನಣೆ. ಇಷ್ಟನ್ನು ವಿವರಿಸಿದೆ.

"ಹಾಗಾದ್ರೆ ಆತ ಬದುಕಿ ಬಂದವನು ಅನ್ನಿ," ಎಂದರು ಅವರು. ತುಸು ತಡೆದು, "ಹೆಸರನ್ನಾದ್ರೂ ಸರಿಯಾಗಿ ಬರೆದಿದ್ದಾರೋ?" ಎಂದು ಕೇಳಿದರು.

ಆ ವಿಚಿತ್ರ ಪ್ರಶ್ನೆಯ ಹಿಂದೆ ಇದ್ದ ಕಥೆ ಮರುದಿನ ತಿಳಿಯಿತು.

ನಮ್ಮ ಬೀದಿಯ ಮಕ್ಕಳ ಬಾಯಲ್ಲಿ ಅವರು 'ಮಿಲಿಟರಿ ತಾತ'. ಹದಿನೆಂಟರ ಹರೆಯದಲ್ಲಿ ಸೈನ್ಯಕ್ಕೆ ಸೇರಿ, 1971ರ ಯುದ್ಧದ ಕಾಲಕ್ಕೆ ಪಶ್ಚಿಮದ ಗಡಿಯಲ್ಲಿದ್ದು, ಹವಾಲ್ದಾರರಾಗಿ ಮರಳಿದವರು. ಸಿಪಾಯಿಗೆ ಹದಿನೈದು ವರ್ಷಗಳ ಸೇವೆಯಾದರೆ ನಿವೃತ್ತಿವೇತನದ ಹಕ್ಕು ಬರುತ್ತದೆ. ನಲವತ್ತು ತುಂಬುವುದರೊಳಗೆ ಮನೆಗೆ ಮರಳುವವರೇ ಹೆಚ್ಚು. ನನ್ನಂಥವನು ಅಧ್ಯಾಪಕ ವೃತ್ತಿಯಲ್ಲಿ ಆಗತಾನೆ ಬೇರೂರುವ ವಯಸ್ಸಿನಲ್ಲಿ ಅವರು ಬಾಳನ್ನು ಎರಡನೆಯ ಸಲ ಆರಂಭಿಸಬೇಕು. ತಾತ ರಾಜಾಜಿನಗರದ ಬ್ಯಾಂಕೊಂದರ ಬಾಗಿಲಲ್ಲಿ ಜೋಡುನಳಿಗೆಯ ಬಂದೂಕು ಹಿಡಿದು ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ನಿಂತರು.

ಪ್ರತಿ ನವೆಂಬರಿನಲ್ಲಿ ನಿವೃತ್ತರು ತಾವು ಬದುಕಿರುವುದಾಗಿ ಪ್ರಮಾಣಪತ್ರ ಕೊಡಬೇಕಷ್ಟೆ. ಆ ಸಲ ಕಾಗದಗಳನ್ನು ಹರಡಿಕೊಂಡಾಗ ತಾತನ ಕಣ್ಣಿಗೆ ಒಂದು ತೊಡಕು ಬಿದ್ದಿತ್ತು. ಎಲ್ಲಿಯೋ ದೂರದ ಕಚೇರಿಯಲ್ಲಿ, ಯಾವನೋ ಗುಮಾಸ್ತನು ಅವರ ಪತ್ನಿಯ ಹೆಸರಿನ ಕೊನೆಯ 'ಅಮ್ಮ'ನನ್ನು ಕಿತ್ತು 'ದೇವಿ'ಯನ್ನು ಅಂಟಿಸಿದ್ದ. ಆಧಾರ್ ಚೀಟಿಯಲ್ಲಿ ಅಮ್ಮ. ಸೈನ್ಯದ ದಾಖಲೆಯಲ್ಲಿ ದೇವಿ. ತಾತ ಇರುವತನಕ ಇದರಿಂದ ಬಾಧಕವಿಲ್ಲ. ಅವರ ತರುವಾಯ ಕುಟುಂಬ ವೇತನವನ್ನು ಕೇಳಲು ಹೋಗುವ ಆ ತಾಯಿ, ತಾನೇ ಆ ದೇವಿಯೆಂದು ಸಾಧಿಸಬೇಕಾಗುತ್ತಿತ್ತು.

"ಕಾಗದ ಬರೆಯೋದು ನಿಮ್ಮ ಕಸುಬು, ಮೇಷ್ಟ್ರೇ. ಇದೊಂದನ್ನು ಸರಿಮಾಡಿಸಿ ಕೊಡಿ," ಎಂದರು ತಾತ.

ಒಂದು ಬೆಳಗ್ಗೆ ಮೂವರೂ ಹೊರಟೆವು. ಕೆಂಗೇರಿಯಿಂದ ನೇರಳೆ ಮಾರ್ಗದ ಮೆಟ್ರೋ. ಈ ಮಾರ್ಗ ನಮ್ಮೂರನ್ನು ಮುಟ್ಟಿದ್ದು 2021ರಲ್ಲಿ. ಅದಕ್ಕೆ ಮುನ್ನ ಮೈಸೂರು ರಸ್ತೆಯ ಬಸ್ಸೇ ಗತಿ. ಜ್ಞಾನಭಾರತಿ, ನಾಯಂಡಹಳ್ಳಿ, ಅತ್ತಿಗುಪ್ಪೆಗಳನ್ನು ಹಿಂದಿಕ್ಕಿ ವಿಜಯನಗರದಲ್ಲಿ ಇಳಿದೆವು. ಅಲ್ಲಿಯ ನೋಟರಿಯೊಬ್ಬರ ಬಳಿ ಪ್ರಮಾಣಪತ್ರ ಸಿದ್ಧವಾಯಿತು. "ಈ ಇಬ್ಬರು ಹೆಂಗಸರೂ ಒಬ್ಬರೇ" ಎಂಬ ಅರ್ಥದ ವಾಕ್ಯವನ್ನು ನಾನು ಓದಿ ಹೇಳಿದಾಗ ಅಜ್ಜಿ ನಕ್ಕು, "ದೇವಿಯಾಗಿ ನಾನೇನು ಮಾಡಲಪ್ಪ, ಅಮ್ಮನಾಗಿಯೇ ಇದ್ದುಬಿಡ್ತೀನಿ," ಎಂದರು.

ಅಲ್ಲಿಂದ ಕಾರ್ಡ್ ರಸ್ತೆಯ ಬಸ್ಸು. ಎಡಕ್ಕೆ ಬಸವೇಶ್ವರನಗರ, ಬಲಕ್ಕೆ 1949ರಲ್ಲಿ ರಾಜಾಜಿಯವರ ಹೆಸರು ಹೊತ್ತು ಹುಟ್ಟಿದ ರಾಜಾಜಿನಗರ. ಬಹುಮಹಡಿ ಮನೆಗಳ ಬಾಗಿಲಲ್ಲಿ ನಿಂತ ಕಾವಲುಗಾರರನ್ನು ತಾತ ಕಿಟಕಿಯಿಂದ ನೋಡುತ್ತ, "ಅವನು ನಿಂತಿರೋ ರೀತಿ ನೋಡಿ, ನಮ್ಮವನೇ," ಎನ್ನುವರು. ಪ್ರತಿದಿನ ಅಂಥ ಬಾಗಿಲುಗಳನ್ನು ಹಾದುಹೋಗುವ ನಾನು ಒಮ್ಮೆಯಾದರೂ ಆ ನಿಲುವನ್ನು ಗಮನಿಸಿರಲಿಲ್ಲ.

"ಬದುಕಿ ಬಂದವನಿಗೆ ಹಳ್ಳಿ ಕೊಟ್ಟರು. ಸತ್ತವನ ಕಡೆಯವರಿಗೆ?" ಎಂದು ತಾತ ಮತ್ತೆ ಆ ಮಾತನ್ನೇ ಎತ್ತಿದರು.

ನಾನು ಬೇಗೂರಿನ ವೀರಗಲ್ಲನ್ನು ನೆನೆದೆ. ವಿದ್ಯಾರ್ಥಿಯಾಗಿದ್ದಾಗ ಕಸ್ತೂರಿಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. ಸಾವಿರದ ನೂರು ವರ್ಷಗಳ ಹಿಂದಿನ ಕಲ್ಲು. ಆನೆ, ಕುದುರೆ, ಬಿಲ್ಲಾಳುಗಳ ಕಾಳಗದ ನಡುವೆ ನಾಗತ್ತರನೆಂಬ ವೀರ ಮಡಿಯುತ್ತಾನೆ. ಅದನ್ನು ಕೇಳಿದ ಗಂಗರ ಎರೆಯಪ್ಪನು ಇರುಗನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೇಗೂರು ಮೊದಲಾದ ಹನ್ನೆರಡು ಹಳ್ಳಿಗಳನ್ನು ಕೊಟ್ಟನು. ಆ ಹಳ್ಳಿಗಳ ಹೆಸರುಗಳನ್ನು ಒಂದೊಂದಾಗಿ ಕಲ್ಲಿನಲ್ಲಿ ಕಂಡರಿಸಿದ್ದಾರೆ. ಮುಂದೆ ಮಡಿದವರ ಮನೆಯವರಿಗೆ ಬಿಟ್ಟ ಭೂಮಿಗೆ 'ನೆತ್ತರುಕೊಡಗೆ' ಎಂಬ ಹೆಸರೇ ನಿಂತಿತು.

ಪಾಠದಲ್ಲಿ ಈ ಪದಗಳ ಅರ್ಥವನ್ನು ನಾನು ಎಷ್ಟೋ ಸಲ ಬರೆಸಿದ್ದೇನೆ. ಆ ದಿನ ಬಸ್ಸಿನಲ್ಲಿ, ಮಡಿಲಲ್ಲಿ ಕಾಗದದ ಚೀಲವನ್ನು ಅವಚಿಕೊಂಡು ಕುಳಿತ ಅಜ್ಜಿಯನ್ನು ನೋಡಿದಾಗ, ನಮ್ಮ ಹಿರಿಯರು ಹೊಗಳಿ ಸುಮ್ಮನಾಗಲಿಲ್ಲವೆಂಬುದು ಮನಸ್ಸಿಗೆ ನಾಟಿತು. ಯಾರಿಗೆ, ಏನು, ಎಲ್ಲಿ ಎಂಬುದನ್ನು ಅಳಿಯದಂತೆ ಬರೆದಿಟ್ಟರು. ಹೆಸರು ತಪ್ಪಿದರೆ ದತ್ತಿಯೂ ತಪ್ಪುತ್ತದೆಂಬುದು ಅವರಿಗೆ ತಿಳಿದಿತ್ತು.

ಬ್ಯಾಂಕಿನ ಬಾಗಿಲಲ್ಲಿದ್ದ ತರುಣ ಕಾವಲುಗಾರನು ತಾತನನ್ನು ಕಂಡೊಡನೆ ಅಟೆನ್ಷನ್ನಿನಲ್ಲಿ ನಿಂತು ಸೆಲ್ಯೂಟ್ ಮಾಡಿದ. ಒಳಗೆ ಬದುಕಿನ ಪ್ರಮಾಣಪತ್ರ ಸಲ್ಲಿಸಿ, ಜಂಟಿ ಖಾತೆಯ ನಕಲು ಪಡೆದು, ಅರ್ಜಿಯೊಡನೆ ಎಲ್ಲವನ್ನೂ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದೆವು. ಅರ್ಜಿಯನ್ನು ಮೂರು ಸಲ ತಿದ್ದಿ ಬರೆದಿದ್ದೆ. ನನ್ನ ಎಂ.ಎ. ಪದವಿ ಅಷ್ಟು ನೇರವಾಗಿ ಒಬ್ಬರ ಉಪಯೋಗಕ್ಕೆ ಬಂದುದು ಅದೇ ಮೊದಲು.

ಡಿಸೆಂಬರ್ 7ರಂದು ಧ್ವಜ ದಿನ. ಕಾಲೇಜಿನಲ್ಲಿ ಎಂದಿನಂತೆ ಚಿಕ್ಕ ಬಾವುಟಗಳನ್ನು ಕೊಂಡು ಎದೆಗೆ ಸಿಕ್ಕಿಸಿಕೊಂಡೆವು. ಜನವರಿ 14 ಮಾಜಿ ಸೈನಿಕರ ದಿನ. ಕೊಡಗಿನ ಕಾರ್ಯಪ್ಪನವರು 1953ರಲ್ಲಿ ಸೇನೆಯಿಂದ ನಿವೃತ್ತರಾದ ನೆನಪಿಗಾಗಿ. ಅಂದೇ ಸಂಕ್ರಾಂತಿಯೂ ಆಗಿತ್ತು. ಎಳ್ಳು ಬೀರಲು ಬಂದ ಅಜ್ಜಿ, ತಟ್ಟೆಯಲ್ಲಿ ಸಕ್ಕರೆ ಅಚ್ಚಿನ ಪಕ್ಕದಲ್ಲಿ ಮಡಿಸಿಟ್ಟಿದ್ದ ಕಾಗದವೊಂದನ್ನು ನನ್ನ ಕೈಗೆ ಕೊಟ್ಟು, "ಯಾರು ಬಂದಿದ್ದಾಳೆ ನೋಡಿ ಹೇಳಿ, ಮೇಷ್ಟ್ರೇ," ಎಂದರು.

ಬಿಡಿಸಿ ಓದಿದೆ.

"ಅಮ್ಮನೇ ಬಂದಿದ್ದಾಳೆ," ಎಂದೆ.