ಗಂಜಿಯ ಲೆಕ್ಕ

ಪಥ್ಯವೆಂದರೆ ಕಡಿಮೆ ತಿನ್ನುವುದು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಹಳ ಹಳೆಯದು. ಆ ನಂಬಿಕೆಯಿಂದ ನನ್ನ ಮಡದಿಯ ವಿಷಯದಲ್ಲಿ ನಾನೇ ಎಸಗಿದ ತಪ್ಪೊಂದನ್ನು ಇಲ್ಲಿ ಹೇಳಿಕೊಳ್ಳಬೇಕಾಗಿದೆ.

ಎಪ್ಪತ್ತೆರಡರ ವಯಸ್ಸಿನಲ್ಲಿ ಆಕೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದಳು. ತೊಡೆಮೂಳೆಯ ಕತ್ತು ಮುರಿದಿತ್ತು. ವೈದ್ಯರು ಸೊಂಟದ ಕೀಲನ್ನೇ ಬದಲಾಯಿಸಿದರು. ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದಾಗ ನಾನು ಬೆರಗಾದೆ. ಇನ್ನು ಚಿಂತೆಯಿಲ್ಲವೆಂದುಕೊಂಡೆ.

ಮನೆಗೆ ಬಂದ ಮೇಲೆ ಬಂಧುಗಳ ಸಲಹೆಗಳು ಆರಂಭವಾದವು. ಬೇಳೆ ನಂಜು, ಮೊಸರು ತಿಂದರೆ ಗಾಯ ಕೀವುಗಟ್ಟುತ್ತದೆ, ಮಲಗಿದವರಿಗೆ ಜೀರ್ಣವಾಗುವುದಿಲ್ಲ. ನಾನು ಶ್ರದ್ಧೆಯಿಂದ ಪಾಲಿಸಿದೆ. ಮೂರು ಹೊತ್ತೂ ಗಂಜಿ, ತಿಳಿಸಾರು, ಎರಡು ಸಲ ಕಾಫಿ. ಆಕೆ ಅದನ್ನೂ ಅರ್ಧಕ್ಕೇ ಬಿಡುತ್ತಿದ್ದಳು, ಹಸಿವಿಲ್ಲ ಎನ್ನುತ್ತಿದ್ದಳು.

ಮೂರನೆಯ ವಾರ ಕುರ್ಚಿಯಿಂದ ಏಳಲೂ ಆಗಲಿಲ್ಲ. ಹೊಲಿಗೆಯ ಗಾಯವಿನ್ನೂ ಒಣಗಿರಲಿಲ್ಲ. ವ್ಯಾಯಾಮ ಮಾಡಿಸಲು ಬಂದ ಫಿಸಿಯೋಥೆರಪಿಯ ಹುಡುಗಿ ಸೊರಗಿದ ತೊಡೆಯನ್ನು ಮುಟ್ಟಿ ನೋಡಿ, "ಮೇಷ್ಟ್ರೇ, ಅಮ್ಮನಿಗೆ ಊಟಕ್ಕೆ ಏನು ಕೊಡ್ತಿದ್ದೀರಿ?" ಎಂದು ಕೇಳಿದಳು. ಹೇಳಿದೆ. ಆಕೆ ನಮ್ಮನ್ನು ಆಹಾರತಜ್ಞೆಯೊಬ್ಬರ ಬಳಿಗೆ ಕಳುಹಿಸಿದಳು.

ಅವರು ಒಂದು ಲೆಕ್ಕ ಕೊಟ್ಟರು. ವಯಸ್ಸಾದವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಕನಿಷ್ಠ 1 ಗ್ರಾಂ ಪ್ರೋಟೀನು ಬೇಕು. ಕಾಯಿಲೆ, ಗಾಯಗಳಿದ್ದಾಗ 1.2ರಿಂದ 1.5 ಗ್ರಾಂ. ನನ್ನ ಮಡದಿಯ ತೂಕ 50 ಕಿಲೋ. ಎಂದರೆ 60ರಿಂದ 75 ಗ್ರಾಂ. ನಾನು ಕೊಡುತ್ತಿದ್ದ ಗಂಜಿ, ಕಾಫಿಗಳನ್ನು ಕೂಡಿಸಿದರೆ 20 ಗ್ರಾಂ ದಾಟಲಿಲ್ಲ. ಹೊರಗಿನಿಂದ ಬಾರದಿದ್ದರೆ ದೇಹ ತನ್ನದೇ ಮಾಂಸಖಂಡವನ್ನು ಕರಗಿಸಿ ಗಾಯ ಮಾಯಿಸಲು ಹವಣಿಸುತ್ತದೆಯಂತೆ. ಲೋಹದ ಕೀಲು ಗಟ್ಟಿಯಾಗಿಯೇ ಇತ್ತು. ಅದನ್ನು ನಡೆಸಬೇಕಾದ ತೊಡೆಯೇ ಸವೆದಿತ್ತು. "ಪ್ರೋಟೀನು ದೇಹವನ್ನು ಕಟ್ಟುತ್ತದೆ" ಎಂದು ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದವನು ನಾನು!

ಅಂದು ರಾತ್ರಿ ಇನ್ನೊಂದು ಸಂಗತಿ ತಿಳಿಯಿತು. "ಹಸಿವು ಇರ್ತಿತ್ತು ರೀ. ತಿಂದರೆ, ನೀರು ಕುಡಿದರೆ, ರಾತ್ರಿ ನಿಮ್ಮನ್ನ ಎಬ್ಬಿಸಬೇಕಲ್ಲ, ಈ ವಯಸ್ಸಿನಲ್ಲಿ" ಎಂದಳು. ನನಗೆ ಮಾತು ಹೊರಡಲಿಲ್ಲ.

ಮರುದಿನವೇ ಮಂಚದ ಪಕ್ಕಕ್ಕೆ ಕಮೋಡ್ ಕುರ್ಚಿ ಬಂತು. ಮೂತ್ರಪಿಂಡಕ್ಕೆ ತೊಂದರೆಯಿಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಂಡು ಅಡುಗೆಯನ್ನು ಬದಲಿಸಿದೆ. ಬೆಳಿಗ್ಗೆ ಹಾಲು ಹಾಕಿದ ರಾಗಿ ಗಂಜಿ, ನಡುವೆ ಹುರಿದ ಕಡಲೆಕಾಯಿ, ಮಧ್ಯಾಹ್ನ ಗಟ್ಟಿ ಹೆಸರುಬೇಳೆ ತೊವ್ವೆ, ಮೊಸರು, ಸಂಜೆ ಪನೀರು, ರಾತ್ರಿ ಮೊಳಕೆಕಾಳಿನ ಹುಳಿ, ಮಲಗುವಾಗ ಹಾಲು. ಒಮ್ಮೆಗೇ ಹೆಚ್ಚು ತಿನ್ನಲಾಗದು. ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ ಆರು ಸಲ. ಜೊತೆಗೆ ತಪ್ಪದ ವ್ಯಾಯಾಮ, ಏಕೆಂದರೆ ಬಳಸದ ಸ್ನಾಯುವಿಗೆ ಬರಿಯ ಆಹಾರದಿಂದ ಬಲ ಬಾರದು. ವೈದ್ಯರು ಬರೆದುಕೊಟ್ಟ ವಿಟಮಿನ್ ಡಿ ಕೂಡ ಇತ್ತು. ಗಾಯ ನಂಜಾಗಲಿಲ್ಲ, ಒಣಗಿತು.

ಮೂರನೆಯ ತಿಂಗಳು ಆಕೆ ಕೋಲೂರಿಕೊಂಡು ತಾನೇ ತುಳಸಿಕಟ್ಟೆಯವರೆಗೆ ನಡೆದಳು. ಹಿಂದೆ ಬಿದ್ದಾಳೆಂಬ ಭಯದಲ್ಲಿ ನಾನೂ ನಡೆದೆ.

ನಿಮ್ಮ ಮನೆಯ ಹಿರಿಯರು ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದರೆ ತಟ್ಟೆಯಲ್ಲಿ ಏನಿದೆಯೆಂದು ನೋಡಿ. ಹಸಿವಿಲ್ಲವೆಂದರೆ, ಯಾಕೆಂದು ಪಕ್ಕದಲ್ಲಿ ಕುಳಿತು ಕೇಳಿ. ನಾನು ಮೂರು ವಾರ ತಡಮಾಡಿ ಕೇಳಿದೆ.